ಪುಸ್ತಕದ ಬದನೆಕಾಯಿ ಹೋಯ್ತು, ಥರ್ಮಾಕೋಲ್ ಬದನೆಕಾಯಿ ಬಂತು

ಶಾಲೆ ಬಿಡುವ ಹೊತ್ತಿಗೆ ಯಾವುದಾದರೂ ತಾಲೂಕು ಕೇಂದ್ರದ ಜೆರಾಕ್ಸ್ ಅಂಗಡಿ ಮುಂದೆ ಹತ್ತು ನಿಮಿಷ ನಿಂತು ನೋಡಿ. ಯೂನಿಫಾರ್ಮ್ ಹಾಕಿದ ಹುಡುಗ ಬರ್ತಾನೆ. "ಅಣ್ಣಾ, ಏಳನೇ ಕ್ಲಾಸು, ವಿಜ್ಞಾನ, ಪ್ರಾಜೆಕ್ಟ್ ಒಂದು" ಅಂತಾನೆ. ಅಂಗಡಿಯವನು ಯಾವ ಪಾಠ ಅಂತ ಕೇಳುತ್ತಾನೆ, ಕಂಪ್ಯೂಟರ್‌ನಲ್ಲಿ ಹುಡುಕುತ್ತಾನೆ, ನಾಲ್ಕು ಬಣ್ಣದ ಚಿತ್ರ, ಎರಡು ಪುಟ ಬರಹ ಪ್ರಿಂಟ್ ತೆಗೆದು ಕೊಡುತ್ತಾನೆ. ಹುಡುಗ ಅದನ್ನು ಫೈಲಿಗೆ ಹಾಕಿಕೊಂಡು ಬಸ್ಸು ಹಿಡಿಯುತ್ತಾನೆ. ಮಾರನೇ ದಿನ ಮೇಷ್ಟ್ರು ಸಹಿ ಹಾಕುತ್ತಾರೆ. ಅಲ್ಲಿಗೆ ಪ್ರಾಜೆಕ್ಟ್ ಮುಗೀತು.

ಇದರಲ್ಲಿ ಕಲಿತವರು ಯಾರು? ಯಾರಾದರೂ ಕಲಿತಿದ್ದರೆ ಅದು ಆ ಅಂಗಡಿಯವನು. ಅವನು ಹುಡುಕಿದ, ಆರಿಸಿದ, ಜೋಡಿಸಿದ. ಹುಡುಗ ದುಡ್ಡು ಕೊಟ್ಟ.

ನಮ್ಮ ಹಿರಿಯರು ಬರೀ ಓದಿನ ಜ್ಞಾನವನ್ನು ಪುಸ್ತಕದ ಬದನೆಕಾಯಿ ಅಂತ ಆಡಿಕೊಳ್ಳುತ್ತಿದ್ದರು. ಅದನ್ನು ಬಿಡಿಸೋದಕ್ಕೆ ಅಂತ ಶಾಲೆಗೆ ಪ್ರಾಜೆಕ್ಟ್ ಬಂತು. ಬಂದು ಆಗಿದ್ದೇನು? ಪುಸ್ತಕದ ಬದನೆಕಾಯಿ ಹೋಗಿ ಥರ್ಮಾಕೋಲ್ ಬದನೆಕಾಯಿ ಆಯಿತು. ಮೊದಲನೆಯದು ಪುಕ್ಕಟೆ ಸಿಗ್ತಿತ್ತು, ಇದಕ್ಕೆ ದುಡ್ಡು ಬೇರೆ ಕೊಡಬೇಕು.

ನೇರವಾಗಿ ಹೇಳಿಬಿಡ್ತೀನಿ. ನಮ್ಮೂರ ಶಾಲೆಗಳಲ್ಲಿ ಈಗ ನಡೀತಿರೋ ಪ್ರಾಜೆಕ್ಟ್‌ಗಳಲ್ಲಿ ಹೆಚ್ಚಿನವು ಬಡವರ ಮೇಲೆ ಹಾಕಿದ ಗುಪ್ತ ಫೀಸು. ಇದನ್ನು ನಿಲ್ಲಿಸಬೇಕು. ನಿಲ್ಲಿಸಿ ಸುಮ್ಮನೆ ಕೂರಬಾರದು, ನಿಜವಾದ ಪ್ರಾಜೆಕ್ಟ್ ಶುರು ಮಾಡಬೇಕು. ಅದಕ್ಕೆ ಬೇಕಾದ ಪ್ರಯೋಗಶಾಲೆ ಬೆಂಗಳೂರಿನ ಲಕ್ಷ ಲಕ್ಷ ಫೀಸಿನ ಶಾಲೆಗಳಿಗಿಂತ ನಮ್ಮ ಹಳ್ಳಿಯಲ್ಲೇ ಚೆನ್ನಾಗಿದೆ.

ಮೊದಲು ಖರ್ಚಿನ ಮಾತು

ಚಾರ್ಟ್ ಪೇಪರ್, ಸ್ಕೆಚ್ ಪೆನ್ನು, ಗಮ್, ಥರ್ಮಾಕೋಲ್, ಬಣ್ಣ, ಕಲರ್ ಪ್ರಿಂಟು, ಫೈಲು, ಪೇಟೆಗೆ ಹೋಗಿ ಬರುವ ಬಸ್ ಚಾರ್ಜು. ನಿಮ್ಮೂರಿನ ರೇಟು ಹಾಕಿ ನೀವೇ ಕೂಡಿಸಿ. ಅದನ್ನು ಎಷ್ಟು ವಿಷಯ ಇದೆಯೋ ಅಷ್ಟರಿಂದ ಗುಣಿಸಿ. ಮನೆಯಲ್ಲಿ ಮೂರು ಮಕ್ಕಳಿದ್ದರೆ ಮತ್ತೆ ಮೂರರಿಂದ ಗುಣಿಸಿ. 2025-26ರಲ್ಲಿ ಕರ್ನಾಟಕದ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ. ನಿಮ್ಮ ಗುಣಾಕಾರದ ಮೊತ್ತ ಎಷ್ಟು ದಿನದ ಕೂಲಿ ಆಯಿತು ಅಂತ ನೋಡಿಕೊಳ್ಳಿ.

2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ ಉಚಿತ ಶಿಕ್ಷಣ ಅನ್ನುತ್ತದೆ. ಓದು ಮುಗಿಸೋದಕ್ಕೆ ಅಡ್ಡಿಯಾಗುವ ಯಾವ ಫೀಸನ್ನೂ ಯಾವ ಖರ್ಚನ್ನೂ ಮಗುವಿನ ಮೇಲೆ ಹೊರಿಸಬಾರದು ಅಂತ ಅದರ 3ನೇ ಸೆಕ್ಷನ್ನಿನಲ್ಲೇ ಇದೆ. ಅದೇ ಕಾಯ್ದೆಯ 29ನೇ ಸೆಕ್ಷನ್ನು, ಮಗು ಚಟುವಟಿಕೆಯಿಂದ, ಹುಡುಕಾಟದಿಂದ, ತಾನೇ ಕಂಡುಕೊಳ್ಳುವುದರಿಂದ ಕಲಿಯಬೇಕು ಅನ್ನುತ್ತದೆ. ಅಂದರೆ ಕಾನೂನು ಹುಡುಕಾಟ ಕೇಳಿತು. ನಾವು ಕೊಟ್ಟಿದ್ದು ಶಾಪಿಂಗ್. ಒಂದೇ ಏಟಿಗೆ ಎರಡೂ ಸೆಕ್ಷನ್ ಮುರಿದೆವು.

ಖರ್ಚಿಗಿಂತ ದೊಡ್ಡದು ಅವಮಾನ. ದುಡ್ಡಿಲ್ಲದ ಮನೆಯ ಹುಡುಗಿ ಹಳೇ ನೋಟ್‌ಬುಕ್ಕಿನ ಹಾಳೆಯ ಮೇಲೆ ಪೆನ್ಸಿಲ್‌ನಲ್ಲಿ ತಾನೇ ಬಿಡಿಸಿದ ಚಿತ್ರ ತರುತ್ತಾಳೆ. ಪಕ್ಕದವನು ಪೇಟೆಯ ರೆಡಿಮೇಡ್ ಮಾಡೆಲ್ ತರುತ್ತಾನೆ. ಗೋಡೆಗೆ ಯಾವುದು ಏರುತ್ತದೆ? ಫೋಟೊ ಯಾವುದರ ಮುಂದೆ ತೆಗೆಯುತ್ತಾರೆ? ಇಡೀ ತರಗತಿಯಲ್ಲಿ ನಿಜವಾಗಿ ಕೆಲಸ ಮಾಡಿದವಳು ಆ ಹುಡುಗಿ ಒಬ್ಬಳೇ. ಕಡಿಮೆ ಅಂಕ ಸಿಗೋದೂ ಅವಳಿಗೇ.

ಮಾಡೋದು ಯಾರು?

ಅಂಗಡಿಯಲ್ಲಿ ಸಿಗದಿದ್ದರೆ ಅಮ್ಮ ಮಾಡುತ್ತಾಳೆ. ಇಲ್ಲಾ ಪಿಯುಸಿ ಓದುವ ಅಕ್ಕ. ಅಮ್ಮ ಶಾಲೆಯ ಮುಖ ನೋಡದವಳಾದರೆ, ಅಕ್ಕನ ಮದುವೆ ಆಗಿಹೋಗಿದ್ದರೆ, ಆ ಮಗುವಿಗೆ ಯಾರೂ ಇಲ್ಲ. ಮನೆಗೆ ಕಳಿಸಿದ ಪ್ರಾಜೆಕ್ಟಿನಲ್ಲಿ ಅಳೆಯುವುದು ಮನೆಯವರ ಓದನ್ನೇ ಹೊರತು ಮಗುವಿನ ಕಲಿಕೆಯನ್ನಲ್ಲ. ಓದಿದವರ ಮನೆಗೆ ಇನ್ನಷ್ಟು ಅಂಕ ಸೇರುತ್ತದೆ, ಓದದವರ ಮನೆಯಿಂದ ಇರೋದೂ ಹೋಗುತ್ತದೆ.

ಈಗ ಇನ್ನೂ ಸುಲಭ. ಮೊಬೈಲಿನಲ್ಲಿ ಚಾಟ್‌ಜಿಪಿಟಿಗೆ ಕೇಳಿದರೆ ಕನ್ನಡದಲ್ಲೇ ಬರೆದು ಕೊಡುತ್ತದೆ. ಮೊಬೈಲು ಕೆಟ್ಟದ್ದು ಅಂತ ನಾನು ಹೇಳೋದಿಲ್ಲ, ನೀವು ಇದನ್ನು ಓದ್ತಿರೋದೂ ಅದರಲ್ಲೇ. ಆದರೆ ಮೊಬೈಲಿಗೆ ಕೇಳಿದರೆ ಉತ್ತರ ಬರುವಂಥ ಪ್ರಾಜೆಕ್ಟ್ ಕೊಟ್ಟವರದ್ದು ತಪ್ಪೋ, ಕೇಳಿದ ಮಗುವಿನದ್ದೋ? "ಭಾರತದ ಅರಣ್ಯಗಳು" ಅಂತ ವಿಷಯ ಕೊಟ್ಟರೆ ಮಗು ಇನ್ನೆಲ್ಲಿಗೆ ಹೋಗಬೇಕು?

ಎಸ್ಸೆಸ್ಸೆಲ್ಸಿಗೆ ಬಂದರೆ ಇದೇ ಅಭ್ಯಾಸ ಅಂಕಕ್ಕೆ ತಗುಲಿಕೊಳ್ಳುತ್ತದೆ. 625 ಅಂಕದಲ್ಲಿ ಪ್ರಥಮ ಭಾಷೆಗೆ 25, ಉಳಿದ ಐದು ವಿಷಯಕ್ಕೆ ತಲಾ 20 ಆಂತರಿಕ ಅಂಕ. ಒಟ್ಟು 125. ಇದು ಶಾಲೆಯ ಕೈಯಲ್ಲೇ ಇರೋದು. ಕೊಡದಿದ್ದರೆ ಶಾಲೆಯ ಫಲಿತಾಂಶ ಬೀಳುತ್ತದೆ. ಅದಕ್ಕೇ ಯಾರೂ ಯಾವ ಫೈಲನ್ನೂ ತಿರಸ್ಕರಿಸುವುದಿಲ್ಲ. ನಕಲು ಅಂತ ಮೇಷ್ಟ್ರಿಗೆ ಗೊತ್ತು. ಮೇಷ್ಟ್ರಿಗೆ ಗೊತ್ತು ಅಂತ ಮಗುವಿಗೂ ಗೊತ್ತು. ಹೀಗೆ ಹತ್ತು ವರ್ಷ ಮಗು ಕಲಿಯೋದು ಒಂದೇ ಪಾಠ: ಕೆಲಸ ಆಗಬೇಕಿಲ್ಲ, ದಾಖಲೆ ಇದ್ದರೆ ಸಾಕು. ಮುಂದೆ ಇದೇ ಮಗು ಪಂಚಾಯಿತಿ ಮೆಂಬರ್ ಆಗಿ, ಹೂಳೆತ್ತದ ಕೆರೆಗೆ ಬಿಲ್ ಮಾಡಿದರೆ ನಾವು ಬಾಯಿ ಬಡಿದುಕೊಳ್ಳುತ್ತೇವೆ. ಅಭ್ಯಾಸ ಮಾಡಿಸಿದ್ದು ಎಲ್ಲಿ?

ಈ ವಿಚಾರ ಹುಟ್ಟಿದ್ದು ಹೀಗಲ್ಲ

ಪ್ರಾಜೆಕ್ಟ್ ಅನ್ನೋದು ನಿನ್ನೆ ಮೊನ್ನೆಯ ಫ್ಯಾಷನ್ ಅಲ್ಲ. ಅಮೆರಿಕದ ವಿಲಿಯಂ ಕಿಲ್‌ಪ್ಯಾಟ್ರಿಕ್ 1918ರಲ್ಲೇ 'ಪ್ರಾಜೆಕ್ಟ್ ವಿಧಾನ' ಅಂತ ಪ್ರಬಂಧ ಬರೆದ. ಮಗು ತನ್ನದೇ ಉದ್ದೇಶ ಇಟ್ಟುಕೊಂಡು, ಮನಸ್ಸಿಟ್ಟು ಮಾಡುವ ಕೆಲಸವೇ ಪ್ರಾಜೆಕ್ಟ್ ಅನ್ನೋದು ಅವನ ವಾದ. 1937ರಲ್ಲಿ ವರ್ಧಾದಲ್ಲಿ ಗಾಂಧೀಜಿ ನಯೀ ತಾಲೀಮ್ ಮುಂದಿಟ್ಟರು. ಕೈಕೆಲಸದ ಮೂಲಕವೇ ಲೆಕ್ಕ, ವಿಜ್ಞಾನ, ಸಮಾಜ ಕಲಿಯಬೇಕು ಅಂದರು.

ಇದೆಲ್ಲ ಪುಸ್ತಕದಲ್ಲಿ ಚೆಂದ, ಹಳ್ಳಿ ಶಾಲೆಯಲ್ಲಿ ಆಗುತ್ತಾ ಅಂತ ಕೇಳುವವರು ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯ ಕಥೆ ಕೇಳಿ. 1972ರಲ್ಲಿ ಅಲ್ಲಿನ 16 ಮಾಧ್ಯಮಿಕ ಶಾಲೆಗಳಲ್ಲಿ, 6ರಿಂದ 8ನೇ ತರಗತಿಯ ಮಕ್ಕಳಿಗೆ, ಮಾಡಿ ಕಲಿಯುವ ವಿಜ್ಞಾನ ಶುರುವಾಯಿತು. ಕಿಶೋರ್ ಭಾರತಿ ಮತ್ತು ಫ್ರೆಂಡ್ಸ್ ರೂರಲ್ ಸೆಂಟರ್ ಅನ್ನೋ ಎರಡು ಸಂಸ್ಥೆಗಳು ಹಚ್ಚಿದ ದೀಪ ಅದು. 1978ರ ಹೊತ್ತಿಗೆ ಇಡೀ ಜಿಲ್ಲೆಗೆ ಹಬ್ಬಿತು. ಆಮೇಲೆ ಏಕಲವ್ಯ ಸಂಸ್ಥೆ ನಡೆಸಿಕೊಂಡು ಹೋಯಿತು. ಸರ್ಕಾರಿ ಶಾಲೆಯ ಬಡವರ ಮಕ್ಕಳೇ ಹೊಲಕ್ಕೆ ಹೋಗಿ ನೋಡಿ, ಕಡಿಮೆ ಬೆಲೆಯ ಕಿಟ್‌ನಲ್ಲಿ ಪ್ರಯೋಗ ಮಾಡಿ, ಕಂಡದ್ದನ್ನು ಬರೆದರು. ಪರೀಕ್ಷೆಗೆ ಪುಸ್ತಕ ತೆರೆದಿಟ್ಟುಕೊಂಡೇ ಕೂರಬಹುದಿತ್ತು, ಯಾಕಂದರೆ ಪ್ರಶ್ನೆ ಬಾಯಿಪಾಠದ್ದಾಗಿರಲಿಲ್ಲ. 30 ವರ್ಷ ನಡೆದ ಈ ಕಾರ್ಯಕ್ರಮವನ್ನು 2002ರಲ್ಲಿ ಅಲ್ಲಿನ ಸರ್ಕಾರವೇ ಮುಚ್ಚಿತು.

ಅಷ್ಟು ದೂರ ಬೇಡ ಅಂದರೆ ನಮ್ಮ ಎಚ್.ಡಿ. ಕೋಟೆ ಇದೆ. 1995ರಲ್ಲಿ ನಲಿ ಕಲಿ ಹುಟ್ಟಿದ್ದು ಅಲ್ಲೇ. ಆಂಧ್ರದ ರಿಷಿ ವ್ಯಾಲಿಗೆ ಹೋಗಿ ನೋಡಿಕೊಂಡು ಬಂದ ಸರ್ಕಾರಿ ಶಾಲೆಯ ಶಿಕ್ಷಕರು ತಾವೇ ಕಾರ್ಡು ಬರೆದು, ಹಾಡು ಕಟ್ಟಿ ಮಾಡಿದ್ದು. ನಮ್ಮ ಮೇಷ್ಟ್ರುಗಳಿಗೆ ಇದು ಆಗದ ಕೆಲಸ ಅನ್ನುವವರಿಗೆ ಉತ್ತರ ನಮ್ಮ ರಾಜ್ಯದಲ್ಲೇ ಇದೆ.

ಹಾಗಾದರೆ ನಿಜವಾದ ಪ್ರಾಜೆಕ್ಟ್ ಹೇಗಿರುತ್ತದೆ?

ಒಂದು: ಬೀಜ. ಮುಂಗಾರಿಗೆ ಮುಂಚೆ ಐದು ಮನೆಯಿಂದ ಮನೆಯಲ್ಲೇ ಇಟ್ಟ ಶೇಂಗಾ ಅಥವಾ ಹೆಸರುಕಾಳಿನ ಬೀಜ ತರಿಸಿ. ಔಷಧಿ ಹಚ್ಚಿದ ಬಣ್ಣದ ಬೀಜ ಬೇಡ, ಅದನ್ನು ಮಕ್ಕಳು ಮುಟ್ಟಬಾರದು. ಒಂದೊಂದು ಮನೆಯದ್ದೂ 100 ಎಣಿಸಿ, ಒದ್ದೆ ಗೋಣಿತಾಟಿನ ಮೇಲೆ 10 ಸಾಲು, ಸಾಲಿಗೆ 10ರಂತೆ ಇಟ್ಟು, ಸುತ್ತಿ ನೆರಳಲ್ಲಿಡಿ. ದಿನಾ ನೀರು ಚಿಮುಕಿಸಿ. ವಾರದ ನಂತರ ಬಿಚ್ಚಿ ಎಣಿಸಿ. 64 ಮೊಳೆತಿದ್ದರೆ ಶೇಕಡಾ 64. ಹಾಗಾದರೆ 100 ಗಿಡ ಬೇಕಾದ ರೈತ ಎಷ್ಟು ಬೀಜ ಹಾಕಬೇಕು? ಸುಮಾರು 156. ಈ ಲೆಕ್ಕ ಮಾಡಿದ ಮಗುವಿಗೆ ಶೇಕಡಾ ಅನ್ನೋದು ಮತ್ತೆ ಮರೆಯೋದಿಲ್ಲ. ಯಾರ ಮನೆಯ ಬೀಜ ಚೆನ್ನಾಗಿ ಮೊಳೀತು, ಯಾಕೆ, ಅವರು ಹೇಗೆ ಒಣಗಿಸಿದರು, ಎಲ್ಲಿ ಇಟ್ಟಿದ್ದರು ಅಂತ ಕೇಳಿಕೊಂಡು ಬರೋದು ಮುಂದಿನ ವಾರದ ಕೆಲಸ. ಅಜ್ಜಿಯರು ಬೂದಿ, ಬೇವಿನ ಸೊಪ್ಪಿನ ವಿಷಯ ಹೇಳುತ್ತಾರೆ. ಅದು ನಿಜವೋ ಅಲ್ಲವೋ ಅಂತ ಮುಂದಿನ ವರ್ಷದ ತರಗತಿ ಪರೀಕ್ಷಿಸಲಿ.

ಇದರ ಉತ್ತರ ಜೆರಾಕ್ಸ್ ಅಂಗಡಿಯಲ್ಲಿಲ್ಲ. ಚಾಟ್‌ಜಿಪಿಟಿಗೂ ನಿಮ್ಮ ಮನೆಯ ಶೇಂಗಾ ಎಷ್ಟು ಮೊಳೀತು ಅಂತ ಗೊತ್ತಿಲ್ಲ. ಮೇಷ್ಟ್ರಿಗೂ ಗೊತ್ತಿಲ್ಲ, ಅದೇ ಇದರ ಸೊಗಸು. ಜೊತೆಗೆ ಇನ್ನೊಂದು ಪಾಠ: ಕೊಂಡ ಬೀಜದ ಚೀಲದ ಚೀಟಿಯಲ್ಲಿ ಮೊಳಕೆ ಪ್ರಮಾಣ ಇಷ್ಟು ಅಂತ ಅಚ್ಚು ಹಾಕಿರುತ್ತಾರೆ. ಆ ಚೀಟಿ, ಬಿಲ್ಲು ಎರಡನ್ನೂ ಎತ್ತಿಡಬೇಕು, ಬೀಜ ಕೈಕೊಟ್ಟರೆ ರೈತ ಸಂಪರ್ಕ ಕೇಂದ್ರದಲ್ಲಿ ದೂರು ಕೊಡಲು ಅವೇ ಆಧಾರ ಅಂತ ಮಗು ಅಪ್ಪನಿಗೆ ಹೇಳಲಿ.

ಎರಡು: ಮಳೆ. ನೇರ ಗೋಡೆಯ ಯಾವುದೇ ಡಬ್ಬಿ, ಒಂದು ಸ್ಕೇಲು. ಶಾಲೆಯ ಅಂಗಳದಲ್ಲಿ, ಮರದ ಕೆಳಗೆ ಅಲ್ಲದ ಕಡೆ ಇಡಿ. ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ ನೀರು ಎಷ್ಟು ಮಿಲಿಮೀಟರ್ ಅಂತ ಅಳೆದು ಗೋಡೆಯ ಮೇಲೆ ಬರೆಯಿರಿ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಲೀಟರ್ ನೀರು. ಶಾಲೆಯ ಚಾವಣಿ 12 ಮೀಟರ್ ಉದ್ದ, 6 ಮೀಟರ್ ಅಗಲ ಅಂದುಕೊಳ್ಳಿ. 72 ಚದರ ಮೀಟರ್. 25 ಮಿಲಿಮೀಟರ್ ಮಳೆಗೆ 1,800 ಲೀಟರ್. ಸೋರಿಕೆ, ಆವಿ ಕಳೆದರೂ ದೊಡ್ಡ ಮೊತ್ತವೇ. ಆಗ ಮಕ್ಕಳೇ ಕೇಳುತ್ತಾರೆ: ಇಷ್ಟು ನೀರು ಚರಂಡಿಗೆ ಬಿಟ್ಟು, ಮಾರ್ಚಿನಲ್ಲಿ ಶೌಚಾಲಯಕ್ಕೆ ನೀರಿಲ್ಲ ಅಂತ ಹೆಣ್ಣುಮಕ್ಕಳನ್ನು ಮನೆಗೆ ಕಳಿಸೋದು ಯಾಕೆ?

ಈ ಪ್ರಶ್ನೆ ಹುಟ್ಟಿದ ದಿನ ಪ್ರಾಜೆಕ್ಟ್ ಗೆದ್ದ ಹಾಗೆ. ಗ್ರಾಮ ಪಂಚಾಯಿತಿ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮ ಸಭೆ ನಡೆಸಬೇಕು. ಈಗ ಅಲ್ಲಿ ಮಕ್ಕಳಿಗೆ ಬಿಸ್ಕೆಟ್ ಕೊಟ್ಟು, ಭಾಷಣ ಕೇಳಿಸಿ, ಫೋಟೊ ತೆಗೆದು ಕಳಿಸುವ ಊರುಗಳೇ ಹೆಚ್ಚು. ಗೋಡೆ ಮೇಲಿನ ಮಳೆ ಲೆಕ್ಕವನ್ನು ಕೈಯಲ್ಲಿ ಹಿಡಿದು ಏಳನೇ ತರಗತಿಯ ಹುಡುಗಿ ಪಿಡಿಒ ಮುಂದೆ ಎದ್ದು ನಿಂತರೆ ಭಾಷಣ ಮಾಡೋಕೆ ಬಂದವರು ಉತ್ತರ ಕೊಡಬೇಕಾಗುತ್ತದೆ.

ಇದನ್ನು ಬಿಟ್ಟು ವಿಜ್ಞಾನ ದಿನಕ್ಕೆ ನಾವು ಮಾಡಿಸೋದೇನು? ಅಡುಗೆ ಸೋಡಾ, ವಿನೆಗರ್ ಹಾಕಿದ ಜ್ವಾಲಾಮುಖಿ. ನಮ್ಮೂರಲ್ಲಿ ಜ್ವಾಲಾಮುಖಿ ಎಲ್ಲಿದೆ ಸ್ವಾಮಿ? ಬತ್ತಿದ ಬೋರ್‌ವೆಲ್ ಇದೆ. ಅದರ ಬಗ್ಗೆ ಒಂದು ಚಾರ್ಟೂ ಇಲ್ಲ.

ಎದುರು ವಾದಗಳಿಗೆ ಉತ್ತರ

"ಸಿಲಬಸ್ ಮುಗಿಯೋದಿಲ್ಲ." ಬೀಜದ ಕೆಲಸದಲ್ಲಿ ಶೇಕಡಾ ಬಂತು, ಮೊಳಕೆಯ ಪಾಠ ಬಂತು, ಕಂಡದ್ದನ್ನು ಕನ್ನಡದಲ್ಲಿ ವರದಿ ಬರೆಯೋದು ಬಂತು. ಮೂರು ವಿಷಯದ ಮೂರು ಫೈಲು ಕೊಳ್ಳುವ ಬದಲು ಒಂದೇ ಕೆಲಸ. ವರ್ಷಕ್ಕೆ ಇಂಥವು ಎರಡೇ ಸಾಕು. ಇಪ್ಪತ್ತು ಸುಳ್ಳು ಪ್ರಾಜೆಕ್ಟ್‌ಗಿಂತ ಎರಡು ನಿಜ ಒಳ್ಳೇದು.

"ಓದೋಕೇ ಬಾರದ ಮಕ್ಕಳಿಗೆ ಪ್ರಾಜೆಕ್ಟ್ ಯಾಕೆ?" ಇದು ತೂಕದ ಮಾತು, ತಳ್ಳಿಹಾಕೋದಿಲ್ಲ. 2022 ಮತ್ತು 2024ರ ಅಸರ್ ಸಮೀಕ್ಷೆ ಎರಡೂ ಹೇಳಿದ್ದು ಒಂದೇ: ಗ್ರಾಮೀಣ ಭಾರತದ 5ನೇ ತರಗತಿಯ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ 2ನೇ ತರಗತಿಯ ಪಠ್ಯ ಓದಲು ಬರೋದಿಲ್ಲ. ಅಕ್ಷರ, ಕಾಗುಣಿತ, ಕೂಡು-ಕಳೆ, ಮಗ್ಗಿ, ಇವನ್ನು ಮೇಷ್ಟ್ರು ಕೂತು ಕಲಿಸಲೇಬೇಕು. ಯಾವ ಪ್ರಾಜೆಕ್ಟೂ ಅದರ ಬದಲಿ ಆಗೋದಿಲ್ಲ, ಆಗುತ್ತೆ ಅನ್ನುವವರ ಮಾತು ನಂಬಬೇಡಿ. ಆದರೆ ಕಲಿತ ಲೆಕ್ಕ ಬಳಸೋ ಜಾಗ ಬೇಡವೇ? ಈಜು ಹೇಳಿಕೊಟ್ಟವರು ಒಂದು ದಿನ ಬಾವಿಗೆ ಇಳಿಸಲೇಬೇಕು.

"ನಾವು ಮಕ್ಕಳನ್ನು ಕಳಿಸೋದು ಓದೋಕೆ, ಹೊಲದ ಕೆಲಸ ಮಾಡೋಕಲ್ಲ." ಈ ಮಾತು ಹೇಳುವವರು ಯಾರು ಅಂತ ನೋಡಿ. ತಲೆಮಾರುಗಟ್ಟಲೆ ಬೇರೆಯವರ ಹೊಲದಲ್ಲಿ ದುಡಿದ ಮನೆಯವರು. ಅವರ ಅನುಮಾನಕ್ಕೆ ಕಾರಣ ಇದೆ. 1953ರಲ್ಲಿ ಮದ್ರಾಸ್ ರಾಜ್ಯದಲ್ಲಿ ರಾಜಾಜಿ ಅರ್ಧ ದಿನ ಶಾಲೆ, ಉಳಿದರ್ಧ ಅಪ್ಪನ ಕಸುಬು ಅನ್ನುವ ಯೋಜನೆ ತಂದರು. ಕುಲಕಸುಬಿನ ಶಿಕ್ಷಣ ಅಂತ ಜನ ತಿರುಗಿಬಿದ್ದರು. 1954ರಲ್ಲಿ ಕಾಮರಾಜ್ ಮುಖ್ಯಮಂತ್ರಿ ಆದ ಮೇಲೆ ಅದನ್ನು ಕೈಬಿಟ್ಟರು. ತಿರುಗಿಬಿದ್ದಿದ್ದು ಸರಿಯೇ ಇತ್ತು. ಮಗುವನ್ನು ಅಪ್ಪನ ಕಸುಬಿಗೆ ಕಟ್ಟಿಹಾಕುವ ಯಾವುದೂ ಪ್ರಾಜೆಕ್ಟ್ ಅಲ್ಲ. ಶೌಚಾಲಯ ತೊಳೆಸೋದು, ಅಂಗಳ ಗುಡಿಸೋದು, ಮೇಷ್ಟ್ರ ಮನೆ ಕೆಲಸ ಮಾಡಿಸೋದು ಪ್ರಾಜೆಕ್ಟ್ ಅಲ್ಲ. ಅಳೆಯೋದು, ಎಣಿಸೋದು, ಕೇಳೋದು, ಬರೆಯೋದು, ಎದ್ದು ನಿಂತು ಹೇಳೋದು ಪ್ರಾಜೆಕ್ಟ್.

ಗುಂಪಿನ ಒಳಗೂ ಕಣ್ಣಿಡಬೇಕು. ಬಿಟ್ಟರೆ ಹುಡುಗರು ಅಳೆಯುತ್ತಾರೆ, ಹುಡುಗಿಯರು ನೀರು ತರುತ್ತಾರೆ. ಊರ ಗೌಡರ ಮಗ ಸಭೆಯಲ್ಲಿ ಮಾತಾಡುತ್ತಾನೆ, ಕೇರಿಯ ಹುಡುಗ ಡಬ್ಬಿ ತೊಳೆಯುತ್ತಾನೆ. ಊರಲ್ಲಿ ಇರೋದೇ ತರಗತಿಯಲ್ಲೂ ಆಗುತ್ತದೆ. ಅದಕ್ಕೆ ಯಾರ ಕೆಲಸ ಯಾವುದು ಅಂತ ಬೋರ್ಡಿನ ಮೇಲೆ ಬರೆದು ವಾರ ವಾರ ಬದಲಾಯಿಸಬೇಕು. ಬೀಜ ತರಿಸುವ ಐದು ಮನೆಯಲ್ಲಿ ಕೇರಿಯ ಮನೆಯೂ ಇರಬೇಕು.

"ಮೇಷ್ಟ್ರಿಗೆ ಪುರುಸೊತ್ತೆಲ್ಲಿ?" ನಿಜ. ಬಿಸಿಯೂಟದ ಲೆಕ್ಕ, ಹಾಲಿನ ಲೆಕ್ಕ, ಮೊಟ್ಟೆಯ ಲೆಕ್ಕ, ಚುನಾವಣೆ ಪಟ್ಟಿ. 2025ರ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೂ ಅವರನ್ನೇ ಮನೆ ಮನೆಗೆ ಕಳಿಸಿದರು, ಅದಕ್ಕಾಗಿ ದಸರಾ ರಜೆಯನ್ನೇ ವಿಸ್ತರಿಸಿದರು. ಹಾಗಾಗಿ ನನ್ನ ಜಗಳ ಮೇಷ್ಟ್ರ ಜೊತೆ ಅಲ್ಲ. ಪ್ರಾಜೆಕ್ಟ್ ಮಾಡಿಸಿ ಅಂತ ಆದೇಶ ಹೊರಡಿಸಿ, ಮಾಡಿಸೋಕೆ ಒಂದು ಗಂಟೆಯನ್ನೂ ಬಿಡದೆ, ಕೊನೆಗೆ ಫೈಲು ಎಷ್ಟು ಅಂತ ಎಣಿಸಿಕೊಂಡು ಹೋಗುವ ವ್ಯವಸ್ಥೆ ಜೊತೆ. ಫೈಲು ಎಣಿಸಿದರೆ ಫೈಲೇ ಹುಟ್ಟೋದು.

ನಾವೇನು ಕೇಳಬೇಕು?

ಪ್ರತಿ ಸರ್ಕಾರಿ ಶಾಲೆಗೂ ಎಸ್‌ಡಿಎಂಸಿ ಇದೆ. ಅದರಲ್ಲಿ ಹೆಚ್ಚಿನವರು ನಮ್ಮಂಥ ಪೋಷಕರೇ ಇರಬೇಕು, ಅರ್ಧದಷ್ಟು ಹೆಂಗಸರು ಇರಬೇಕು ಅಂತ ಶಿಕ್ಷಣ ಹಕ್ಕು ಕಾಯ್ದೆಯ ಆಶಯ. ಸುಣ್ಣ ಬಣ್ಣ, ಸ್ವಾತಂತ್ರ್ಯ ದಿನಾಚರಣೆಯ ಸಿಹಿ, ಇಷ್ಟಕ್ಕೇ ಆ ಸಭೆ ಮುಗಿಯಬಾರದು. ಮುಂದಿನ ಸಭೆಯಲ್ಲಿ ನಾಲ್ಕು ಮಾತು ನಡಾವಳಿ ಪುಸ್ತಕದಲ್ಲಿ ಬರೆಸಿ.

1. ಅಂಗಡಿಯಲ್ಲಿ ಕೊಂಡು ತರಬೇಕಾದ ಯಾವ ಪ್ರಾಜೆಕ್ಟನ್ನೂ ನಮ್ಮ ಶಾಲೆಯಲ್ಲಿ ಕೊಡುವುದಿಲ್ಲ. ಹಾಳೆ, ಪೆನ್ಸಿಲ್ ಶಾಲೆಯದ್ದೇ.

2. ಪ್ರಾಜೆಕ್ಟ್ ನಡೆಯೋದು ಶಾಲೆಯ ಹೊತ್ತಿನಲ್ಲಿ. ಮನೆಯಿಂದ ಸುದ್ದಿ ಬರಲಿ, ಬೀಜ ಬರಲಿ, ಅಜ್ಜಿಯ ಮಾತು ಬರಲಿ. ಮಾಡಿ ಮುಗಿಸಿದ ಫೈಲು ಬರೋದು ಬೇಡ.

3. ಪ್ರಶ್ನೆ ನಮ್ಮೂರಿನದ್ದೇ ಇರಲಿ, ಮಕ್ಕಳ ಮಾತಿನಲ್ಲೇ ಇರಲಿ. ಇಂಗ್ಲಿಷ್ ಮೀಡಿಯಂ ಶಾಲೆಯವರಿಗೂ ಇದೇ ಮಾತು. ಅರ್ಥವಾಗದ ನಾಲ್ಕು ಪುಟ ಇಂಗ್ಲಿಷ್ ನಕಲು ಮಾಡಿದರೆ ಕೈಬರಹ ಸುಧಾರಿಸಬಹುದು, ಇಂಗ್ಲಿಷ್ ಬರೋದಿಲ್ಲ.

4. ಮುಗಿದ ಮೇಲೆ ಮಗು ಅದನ್ನು ಊರವರ ಮುಂದೆ ಹೇಳಬೇಕು. ನಾವು ಪ್ರಶ್ನೆ ಕೇಳಬೇಕು. ಅಂಕ ಅದರ ಮೇಲೆ. ಕೊಂಡ ಫೈಲು ಎರಡನೇ ಪ್ರಶ್ನೆಗೇ ಬಾಯಿ ಕಟ್ಟುತ್ತದೆ. ಬೀಜ ಎಣಿಸಿದ ಮಗುವನ್ನು ನಿಲ್ಲಿಸೋದೇ ಕಷ್ಟ.

ಈ ನಾಲ್ಕಕ್ಕೆ ಹೊಸ ಅನುದಾನ ಬೇಡ, ಹೊಸ ಆದೇಶ ಬೇಡ, ಸ್ಮಾರ್ಟ್ ಬೋರ್ಡೂ ಬೇಡ. ಒಂದು ಹಳೇ ಗೋಣಿಚೀಲ, ಒಂದು ಡಬ್ಬಿ, ಒಂದು ಸ್ಕೇಲು ಸಾಕು.

ಈ ವಾರ ನಿಮ್ಮ ಮಗು ಬಂದು "ಪ್ರಾಜೆಕ್ಟ್‌ಗೆ ದುಡ್ಡು ಕೊಡಿ" ಅಂದರೆ ಜೇಬಿಗೆ ಕೈ ಹಾಕುವ ಮೊದಲು ಒಂದು ಮಾತು ಕೇಳಿ: "ಇದರಲ್ಲಿ ನೀನು ಏನು ಕಂಡುಹಿಡಿಯಬೇಕು?" ಉತ್ತರ ಬಂದರೆ ಸಂತೋಷ, ಕೊಡಿ. ಬರದಿದ್ದರೆ ಆ ದುಡ್ಡಿಗೆ ಮೊಟ್ಟೆ ತಂದು ಮಗುವಿಗೆ ಬೇಯಿಸಿ ಹಾಕಿ. ಬೆಳಿಗ್ಗೆ ಮಗುವಿನ ಕೈ ಹಿಡಿದು ಶಾಲೆಗೆ ನಡೀರಿ, ಇದೇ ಪ್ರಶ್ನೆಯನ್ನು ಅಲ್ಲಿ ಇನ್ನೊಮ್ಮೆ ಕೇಳಿ.